ಪರದೆಯಾಚೆಯ ಕೋಚ್: ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗದು?

ಕೆ. ವಿ. ಅಯ್ಯರ್ ಎಂದೊಡನೆ ಕನ್ನಡದ ಓದುಗರಿಗೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳು ನೆನಪಾಗುತ್ತವೆ. ಟಿ. ಪಿ. ಕೈಲಾಸಂ ಅವರ ಆಪ್ತರೆಂದೂ ಅವರನ್ನು ಹಲವರು ಬಲ್ಲರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ತಮ್ಮ ಕಟ್ಟುಮಸ್ತಾದ ಮೈಕಟ್ಟಿನಿಂದ ದೇಶದಾಚೆಗೂ ಹೆಸರಾದವರು ಅವರು. ಅಷ್ಟಾಗಿ ಯಾರ ನೆನಪಿಗೂ ಬಾರದ ಸಂಗತಿಯೊಂದಿದೆ. ತಮ್ಮ ಶಾಲೆಗೆ ಬರಲಾಗದ ಪರಊರಿನವರಿಗೆ ಅಯ್ಯರ್ ಕಳೆದ ಶತಮಾನದ ಮೊದಲರ್ಧದಲ್ಲೇ ಅಂಚೆಯ ಮೂಲಕ ಅಂಗಸಾಧನೆ ಕಲಿಸುತ್ತಿದ್ದರು. ಲಂಡನ್ನಿನಲ್ಲಿ ನೆಲೆಸಿ, 1904–05ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ನೀಡಿದ್ದ ಯೂಜೆನ್ ಸ್ಯಾಂಡೊ ಇದೇ ದಾರಿ ಹಿಡಿದಿದ್ದ. ಅಮೆರಿಕದ ಚಾರ್ಲ್ಸ್ ಅಟ್ಲಾಸ್ ಅಂಚೆ ಪಾಠಗಳಿಂದಲೇ ಮನೆಮಾತಾದ. ಅಂದರೆ ಗುರು ಒಂದೂರಲ್ಲಿ, ಶಿಷ್ಯ ಇನ್ನೊಂದೂರಲ್ಲಿ ಇದ್ದುಕೊಂಡು ಮೈ ಹುರಿಗೊಳಿಸುವ ಪ್ರಯತ್ನಕ್ಕೆ ನೂರು ವರ್ಷ ದಾಟಿದೆ.

ಈಗ ಕಾಗದದ ಜಾಗಕ್ಕೆ ಫೋನು ಬಂದಿದೆ. 2012ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹೆಲ್ತಿಫೈಮಿ ಊಟದ ಲೆಕ್ಕವನ್ನು ಮೊಬೈಲಿಗೆ ತಂದಿತು. 2016ರಲ್ಲಿ ಅದೇ ನಗರದಲ್ಲಿ ಹುಟ್ಟಿದ ಕ್ಯೂರ್‌ಫಿಟ್‌ನ ಕಲ್ಟ್ ವ್ಯಾಯಾಮ ಕೇಂದ್ರಗಳಿಗೆ 2020ರ ಲಾಕ್‌ಡೌನ್‌ನಲ್ಲಿ ಬೀಗ ಬಿದ್ದಾಗ, ತರಗತಿಗಳು ಜನರ ಪಡಸಾಲೆಗಳಿಗೇ ನೇರ ಪ್ರಸಾರವಾದವು. ಪುಣೆಯ ಫಿಟ್ಟರ್ ಸಾಮಾಜಿಕ ಜಾಲತಾಣದ ಒಂದು ಗುಂಪಾಗಿ ಆರಂಭವಾಗಿ ದೊಡ್ಡ ಕೋಚಿಂಗ್ ಸಂಸ್ಥೆಯಾಗಿ ಬೆಳೆಯಿತು. ಈ ದೊಡ್ಡ ಹೆಸರುಗಳ ಆಚೆ, ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಂ ನಂಬಿಕೊಂಡು ಒಬ್ಬೊಬ್ಬರೇ ನಡೆಸುವ ಕೋಚಿಂಗ್ ಎಷ್ಟಿದೆಯೋ ಎಣಿಸಿದವರಿಲ್ಲ. ದಾವಣಗೆರೆಯ ಗೃಹಿಣಿಯಿಂದ ಹಿಡಿದು ಕ್ಯಾಲಿಫೋರ್ನಿಯಾದ ಕನ್ನಡಿಗ ಇಂಜಿನಿಯರ್‌ವರೆಗೆ ಎಲ್ಲರ ಫೋನಿಗೂ ಇವರ ಜಾಹೀರಾತು ಬರುತ್ತದೆ. ಹಣ ಕಟ್ಟಬೇಕೇ, ಬೇಡವೇ ಎಂಬ ಪ್ರಶ್ನೆ ಹುಟ್ಟುವುದು ಆಗಲೇ.

ವ್ಯಾಯಾಮದ ಅಗತ್ಯದ ಬಗ್ಗೆಯಂತೂ ತಕರಾರಿಲ್ಲ. ವಯಸ್ಕರು ವಾರಕ್ಕೆ ಕನಿಷ್ಠ 150ರಿಂದ 300 ನಿಮಿಷ ಮಧ್ಯಮ ಗತಿಯ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕು, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಕನಿಷ್ಠ ಮಟ್ಟವನ್ನೂ ಮುಟ್ಟುತ್ತಿಲ್ಲ. ಗಂಡಸರಲ್ಲಿ ಈ ಪ್ರಮಾಣ ಶೇ 42, ಹೆಂಗಸರಲ್ಲಿ ಶೇ 57. ಈ ಅಂತರವನ್ನು ಗಮನಿಸಬೇಕು. ಬೆಳಗ್ಗೆ ಆರಕ್ಕೆ ತಿಂಡಿಯ ತಯಾರಿ, ಸಂಜೆ ಆರಕ್ಕೆ ಮಕ್ಕಳ ಹೋಂವರ್ಕ್ ಎಂದಿರುವ ಹೆಂಗಸಿಗೆ ಜಿಮ್ಮಿನ ಸಮಯ ಹೊಂದುವುದೇ ಇಲ್ಲ. ಸಣ್ಣ ಊರಿನ ಜಿಮ್ಮಿಗೆ ಕಾಲಿಟ್ಟರೆ ಅಲ್ಲಿ ಅವಳೊಬ್ಬಳೇ ಹೆಂಗಸು. ಮಧ್ಯಾಹ್ನ ಮನೆ ಖಾಲಿಯಾದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು, ಯಾರ ಕಣ್ಣಿಗೂ ಬೀಳದೆ ಅರ್ಧ ಗಂಟೆ ಬೆವರು ಹರಿಸಲು ದಾರಿ ಮಾಡಿಕೊಟ್ಟಿದ್ದೇ ಆನ್‌ಲೈನ್ ತರಬೇತಿಯ ದೊಡ್ಡ ಉಪಕಾರ. ಇದನ್ನು ಹಗುರವಾಗಿ ಕಾಣುವಂತಿಲ್ಲ.

ಆದರೆ ಆನ್‌ಲೈನ್ ಕೋಚಿಂಗ್ ಎಂಬ ಒಂದೇ ಹೆಸರಿನಡಿ ಮಾರಾಟವಾಗುವ ಸರಕು ಒಂದೇ ಬಗೆಯದಲ್ಲ. ಮೊದಲೇ ಚಿತ್ರೀಕರಿಸಿದ ವಿಡಿಯೊ ನೋಡಿ ಮಾಡುವುದು ಒಂದು ಬಗೆ. ಅಲ್ಲಿ ಕಲಿಯುವವರು ಏನು ಮಾಡುತ್ತಿದ್ದಾರೆಂದು ಯಾರಿಗೂ ಗೊತ್ತಾಗುವುದಿಲ್ಲ. ನಿಗದಿತ ಹೊತ್ತಿಗೆ ನಡೆಯುವ ಗುಂಪು ತರಗತಿ ಇನ್ನೊಂದು. ಮೂರನೆಯದು, ಕೋಚ್ ವಾರದ ವ್ಯಾಯಾಮಪಟ್ಟಿ ಮತ್ತು ಡಯಟ್ ಚಾರ್ಟ್ ಕಳಿಸಿ, ವಾರಕ್ಕೊಮ್ಮೆ ತೂಕ, ಸೊಂಟದ ಅಳತೆ, ಫೋಟೊ ತರಿಸಿಕೊಂಡು ತಿದ್ದುವ ‘ಚೆಕ್‌ಇನ್’ ಪದ್ಧತಿ. ಒಬ್ಬ ಕೋಚ್ ಒಬ್ಬರನ್ನೇ ವಿಡಿಯೊ ಕರೆಯಲ್ಲಿ ಎದುರಿಗೆ ಕೂರಿಸಿಕೊಂಡಂತೆ ಕಲಿಸುವುದು ನಾಲ್ಕನೆಯ ಬಗೆ, ಅದೇ ದುಬಾರಿ. ಇದೀಗ ಕೃತಕ ಬುದ್ಧಿಮತ್ತೆಯ ಕೋಚ್‌ಗಳೂ ಸಾಲಿಗೆ ಸೇರಿವೆ. ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಸರಳ: ವ್ಯಾಯಾಮ ಮಾಡುವಾಗ ಯಾರಾದರೂ ನೋಡುತ್ತಿರುತ್ತಾರೆಯೇ? ನೋಡಿದರೆ ಆಗಲೇ ಹೇಳುತ್ತಾರೆಯೇ, ಮಾರನೆಯ ದಿನವೇ?

ಈ ಪ್ರಶ್ನೆ ಯಾಕೆ ಮುಖ್ಯವೆಂದು ತಿಳಿಯಲು ಒಂದು ಸ್ಕ್ವಾಟ್ ವಿಡಿಯೊ ಸಾಕು. ನೀರಿನ ಬಾಟಲಿಗೆ ಒರಗಿಸಿ ನೆಲದ ಮೇಲಿಟ್ಟ ಫೋನು ಕೆಳಗಿನಿಂದ ಮೇಲಕ್ಕೆ ನೋಡುತ್ತದೆ. ಮೊಣಕಾಲು ದೊಡ್ಡದಾಗಿ ಕಾಣುತ್ತದೆ, ಸೊಂಟ ಎಷ್ಟು ಇಳಿಯಿತೆಂಬುದು ತಿಳಿಯುವುದೇ ಇಲ್ಲ. ಸಡಿಲ ಟೀಶರ್ಟ್ ತೊಟ್ಟಿದ್ದರೆ ಬೆನ್ನಿನ ಕೆಳಭಾಗ ಗುಂಡಗಾದದ್ದೂ ಮರೆಯಾಗುತ್ತದೆ. ಅದೇ ಫೋನನ್ನು ಸೊಂಟದ ಎತ್ತರಕ್ಕೆ, ಓರೆಯಾಗಿ, ಏಳೆಂಟು ಅಡಿ ದೂರದಲ್ಲಿ ಇಟ್ಟರೆ ಚಿತ್ರವೇ ಬೇರೆ. ಮೊದಲ ಎರಡು ರೆಪ್ಸ್ ನೇರ. ಮೂರನೆಯದರಲ್ಲಿ ಹಿಮ್ಮಡಿ ಒಂದು ಬೆರಳಿನಷ್ಟು ಮೇಲೇಳುತ್ತದೆ. ಐದನೆಯದರಲ್ಲಿ ಏಳುವಾಗ ಬಲ ಮೊಣಕಾಲು ಒಳಕ್ಕೆ ವಾಲುತ್ತದೆ. ಒಳ್ಳೆಯ ಕೋಚ್ ಆ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ, ಗೆರೆ ಎಳೆದು, ದನಿ ಸಂದೇಶ ಕಳಿಸುತ್ತಾರೆ: “ಹೆಬ್ಬೆರಳು ನೆಲಕ್ಕೆ ಊರಿ, ಮೊಣಕಾಲನ್ನು ಕಿರುಬೆರಳ ಕಡೆಗೆ ತಳ್ಳಿ. ಕೈಯಲ್ಲಿರುವ ಭಾರ ಎರಡು ಕೆಜಿ ಇಳಿಸಿ.” ಇಷ್ಟು ಸೂಕ್ಷ್ಮವಾಗಿ ನೋಡಿ ಹೇಳುವವರು ಸಿಕ್ಕರೆ ಕೊಟ್ಟ ಹಣ ಸಾರ್ಥಕ. ಊರಿನ ಜಿಮ್ಮಿನಲ್ಲಿ ಮೊಬೈಲ್ ನೋಡುತ್ತ ನಿಂತ ಟ್ರೈನರ್‌ಗಿಂತ ಇಂಥ ಕೋಚ್ ಎಷ್ಟೋ ಮೇಲು.

ಆದರೂ ಆ ಸಂದೇಶ ತಲುಪುವ ಹೊತ್ತಿಗೆ ಅಂದಿನ ಮೂರು ಸೆಟ್ ಮುಗಿದಿರುತ್ತವೆ. ಗುಂಪು ತರಗತಿಯ ಕಷ್ಟ ಇನ್ನೂ ಬೇರೆ. ನಲವತ್ತು ಜನರ ಬ್ಯಾಚಿನಲ್ಲಿ ಒಬ್ಬೊಬ್ಬರೂ ಟ್ರೈನರ್‌ನ ಪರದೆಯ ಮೇಲೆ ಅಂಚೆಚೀಟಿಯಷ್ಟು ಚೌಕದಲ್ಲಿ ಕಾಣುತ್ತಾರೆ, ಅರ್ಧ ಜನರ ಕ್ಯಾಮೆರಾ ಬಂದ್ ಆಗಿರುತ್ತದೆ. ಮೈಸೂರಿನ ಗರಡಿಮನೆಯಲ್ಲಿ ಸಾಮು ಮಾಡುವ ಹುಡುಗನ ಬೆನ್ನು ಬಾಗಿದರೆ ಉಸ್ತಾದರ ಅಂಗೈ ಅಲ್ಲೇ ಬೆನ್ನ ಮೇಲೆ ಬೀಳುತ್ತದೆ. ಪರದೆಯಲ್ಲಿ ಅದು ಆಗದ ಮಾತು. ಎದುರಿಗಿದ್ದವರು ಕೇವಲ ತಪ್ಪು ತಿದ್ದುವುದಿಲ್ಲ, ಇನ್ನಷ್ಟು ಭಾರ ಎತ್ತುವ ಧೈರ್ಯವನ್ನೂ ತುಂಬುತ್ತಾರೆ. 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಆಗಲೇ ಭಾರ ಎತ್ತಿ ಅಭ್ಯಾಸವಿದ್ದ ಯುವಕರಿಗೆ 12 ವಾರ ಒಂದೇ ಬಗೆಯ ವ್ಯಾಯಾಮಪಟ್ಟಿ ಕೊಡಲಾಗಿತ್ತು. ಒಂದು ಗುಂಪಿನ ಪಕ್ಕದಲ್ಲಿ ಟ್ರೈನರ್ ಇದ್ದರು, ಇನ್ನೊಂದು ಗುಂಪಿಗೆ ಇರಲಿಲ್ಲ. ಟ್ರೈನರ್ ಇದ್ದವರು ಬೇಗ ಬೇಗ ಭಾರ ಏರಿಸಿಕೊಂಡರು, ಕೊನೆಗೆ ಅವರ ಬಲವೇ ಹೆಚ್ಚು ಬೆಳೆದಿತ್ತು. ಪಟ್ಟಿ ಒಂದೇ ಆದರೂ ಫಲ ಬೇರೆಯಾಯಿತು.

ಹಾಗಾದರೆ ಪರದೆ ಯಾರಿಗೆ ಒಗ್ಗುತ್ತದೆ? ಚಲನೆಗಳು ಮೊದಲೇ ಗೊತ್ತಿದ್ದು, ನಿಯಮಿತವಾಗಿ ಮಾಡುವುದು ಮಾತ್ರ ಕೈಗೂಡದವರಿಗೆ. ಕಾಲೇಜಿನಲ್ಲಿ ಕಬಡ್ಡಿಯನ್ನೋ ವಾಲಿಬಾಲನ್ನೋ ಆಡಿದವರು, ಒಂದೆರಡು ವರ್ಷ ಜಿಮ್ಮಿಗೆ ಹೋಗಿ ಬಿಟ್ಟವರು, ಗುರುಮುಖೇನ ಯೋಗ ಕಲಿತು ಈಗ ಅಭ್ಯಾಸ ತಪ್ಪಿದವರು ಈ ಗುಂಪಿಗೆ ಸೇರುತ್ತಾರೆ. ಇವರಿಗೆ ಬೇಕಾಗಿರುವುದು ಹೊಸ ಜ್ಞಾನಕ್ಕಿಂತ ಹೆಚ್ಚಾಗಿ ಕೇಳುವ ಒಂದು ದನಿ, ತುಂಬಬೇಕಾದ ಒಂದು ತಖ್ತೆ, ಬೆಳಗ್ಗೆ ಆರೂವರೆಗೆ ಕಾಯುತ್ತಿರುವ ಒಂದು ಬ್ಯಾಚು. ಪದೇ ಪದೇ ಊರು ಬದಲಿಸುವ ಕೆಲಸದವರಿಗೆ, ರಾತ್ರಿ ಪಾಳಿಯವರಿಗೆ ಇದು ವರದಾನ. ಪರದೇಶದ ಕನ್ನಡಿಗರಿಗೂ ಅಷ್ಟೆ. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯ ಬೆಳಗಿನ ಆರು ಗಂಟೆಯೆಂದರೆ ಬೆಂಗಳೂರಿನಲ್ಲಿ ಸಂಜೆ ಆರೂವರೆ. ಇಲ್ಲಿನ ಯೋಗ ಶಿಕ್ಷಕಿ ಸಂಜೆಯ ಪಾಠ ಶುರು ಮಾಡಿದರೆ ಅಲ್ಲಿನ ಶಿಷ್ಯೆಯ ದಿನವೇ ಅದರಿಂದ ಆರಂಭವಾಗುತ್ತದೆ. ಉಸಿರಾಟದ ಸೂಚನೆಗಳನ್ನು ಕನ್ನಡದಲ್ಲೇ ಕೇಳುವ ಸುಖ ಅಲ್ಲಿನ ಯಾವ ಜಿಮ್ಮಿನಲ್ಲೂ ಸಿಗುವಂಥದ್ದಲ್ಲ.

ಒಗ್ಗದಿರುವುದು ಯಾರಿಗೆ? ಹುಟ್ಟಿದಂದಿನಿಂದ ಒಂದು ಬಸ್ಕಿಯನ್ನೂ ಸರಿಯಾಗಿ ಹೊಡೆಯದವರು ನೇರವಾಗಿ ಪರದೆಯ ಮುಂದೆ ಡಂಬೆಲ್ ಹಿಡಿಯುವುದು ಬೇಡ. ಹತ್ತಿರದ ಟ್ರೈನರ್ ಬಳಿ ಒಂದು ತಿಂಗಳು ಹೋಗಿ ಕೂರುವುದು, ಬಾಗುವುದು, ತಳ್ಳುವುದು, ಎಳೆಯುವುದು ಈ ನಾಲ್ಕನ್ನು ಕಲಿತು, ಆಮೇಲೆ ಆನ್‌ಲೈನ್‌ಗೆ ಬಂದರೆ ಮುಂದಿನ ಹಾದಿ ಸಲೀಸು. ಕೆಲವು ಕಾಯಿಲೆಗಳಲ್ಲಂತೂ ಡಾಕ್ಟರನ್ನು ಕೇಳದೆ ಮುಂದುವರಿಯಲೇಬಾರದು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆಯೋ ನಂತರವೋ ಸಕ್ಕರೆ ದಿಢೀರ್ ಇಳಿಯಬಹುದು, ಆಗ ಮನೆಯಲ್ಲಿ ಒಬ್ಬರೇ ಇರುವುದು ಅಪಾಯ. ರಕ್ತದೊತ್ತಡ ಇರುವವರು ಉಸಿರು ಬಿಗಿಹಿಡಿದು ಭಾರ ಎತ್ತಿದರೆ ಒತ್ತಡ ಸರ್ರನೆ ಏರುತ್ತದೆ. ಬಸುರಿಯರು, ಬಾಣಂತನ ಮುಗಿಸಿದವರು, ಡಿಸ್ಕ್ ಸರಿದವರು, ಮಂಡಿ ಸವೆದವರು ಎಲ್ಲರಿಗೂ ಒಂದೇ ಪಟ್ಟಿ ಕಳಿಸುವ ಕೋಚ್‌ನಿಂದ ದೂರವಿರುವುದೇ ಕ್ಷೇಮ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ ನಾಡೇ ತತ್ತರಿಸಿತು. ಅಂದು ಬೆಳಗ್ಗೆ ಅವರು ವ್ಯಾಯಾಮ ಮಾಡಿದ್ದರು ಎಂಬ ಸುದ್ದಿ ಹಬ್ಬಿ ಎಷ್ಟೋ ಮಂದಿ ಜಿಮ್ ಬಿಟ್ಟರು, ಇನ್ನೆಷ್ಟೋ ಮಂದಿ ಹೃದಯ ತಪಾಸಣೆಗೆಂದು ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ವ್ಯಾಯಾಮವನ್ನೇ ಬಿಟ್ಟುಬಿಡುವುದು ಆ ಭಯಕ್ಕೆ ಮದ್ದಾಗಲಾರದು. ಹಾಗೆಂದು ತಪಾಸಣೆಯ ಮಾತೇ ಎತ್ತದೆ ಮೊದಲ ದಿನವೇ ಬರ್ಪಿ, ಜಂಪಿಂಗ್ ಜ್ಯಾಕ್ ಹೊಡೆಸುವುದೂ ತಪ್ಪು. ಹೊಸದಾಗಿ ಶುರುಮಾಡುವವರಿಗಾಗಿ ಪಿಎಆರ್‌–ಕ್ಯೂ ಪ್ಲಸ್ ಎಂಬ ಪ್ರಶ್ನಾವಳಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರ ಮೊದಲ ಪುಟದಲ್ಲಿ ಏಳೇ ಪ್ರಶ್ನೆ: ಹೃದಯದ ತೊಂದರೆಯೋ ರಕ್ತದೊತ್ತಡವೋ ಇದೆಯೆಂದು ಡಾಕ್ಟರ್ ಹೇಳಿದ್ದಾರೆಯೇ, ಎದೆನೋವು ಬರುತ್ತದೆಯೇ, ತಲೆಸುತ್ತಿ ಬಿದ್ದದ್ದುಂಟೆ, ಬೇರೆ ದೀರ್ಘ ಕಾಯಿಲೆ ಇದೆಯೇ, ಅದಕ್ಕೆ ಔಷಧ ನಡೆಯುತ್ತಿದೆಯೇ, ಮೂಳೆ–ಕೀಲಿನ ತೊಂದರೆ ಇದೆಯೇ, ವೈದ್ಯರ ನಿಗಾದಲ್ಲೇ ವ್ಯಾಯಾಮ ಮಾಡಬೇಕೆಂದು ಯಾರಾದರೂ ಹೇಳಿದ್ದಾರೆಯೇ. ಒಂದಕ್ಕೆ ‘ಹೌದು’ ಎಂದರೂ ಮುಂದಿನ ವಿಚಾರಣೆ ಬೇಕು. ಈ ಏಳನ್ನು ಕೇಳದೆ ಹಣ ಪಡೆಯುವ ಕೋಚ್ ತಮ್ಮ ಕಸುಬಿನ ಮೊದಲ ಪಾಠವನ್ನೇ ಕಲಿತಿಲ್ಲ.

ಕಲಿತವರು ಯಾರೆಂದು ತಿಳಿಯುವುದು ಹೇಗೆ? ನಮ್ಮಲ್ಲಿ ಫಿಟ್‌ನೆಸ್ ಕೋಚ್ ಎಂದು ಬೋರ್ಡು ಹಾಕಿಕೊಳ್ಳಲು ಡಾಕ್ಟರರಿಗೋ ವಕೀಲರಿಗೋ ಇರುವಂಥ ಕಡ್ಡಾಯ ನೋಂದಣಿ ಇಲ್ಲ. ಆದ್ದರಿಂದ ಪ್ರಮಾಣಪತ್ರ ಕೇಳಿ ನೋಡಲೇಬೇಕು. ಎಸಿಇ, ಎನ್‌ಎಎಸ್‌ಎಂ, ಎಸಿಎಸ್‌ಎಂನಂಥ ವಿದೇಶಿ ಸಂಸ್ಥೆಗಳ ಪರೀಕ್ಷೆ ಪಾಸಾದವರಿರಬಹುದು, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಕಲಿತವರಿರಬಹುದು. ಯೋಗವಾದರೆ ಆಯುಷ್ ಸಚಿವಾಲಯದಡಿಯ ಯೋಗ ಪ್ರಮಾಣೀಕರಣ ಮಂಡಳಿಯ ಪತ್ರ ಇದೆಯೇ ಎಂದು ಕೇಳಬಹುದು. ಆರೋಗ್ಯದ ಬಗ್ಗೆ ಜಾಲತಾಣಗಳಲ್ಲಿ ಸಲಹೆ ಕೊಡುವವರು ತಮ್ಮ ಅರ್ಹತೆಯನ್ನು ಬಹಿರಂಗವಾಗಿ ತಿಳಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟ್‌ನಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ಹಾಗಾಗಿ ಕೇಳಲು ಸಂಕೋಚಪಡಬೇಕಿಲ್ಲ. ‘ಮೊದಲು–ನಂತರ’ ಫೋಟೊಗಳನ್ನು ಮಾತ್ರ ಅರ್ಹತೆಯ ಪಟ್ಟಿಗೆ ಸೇರಿಸಬಾರದು. ಬೆಳಕು, ನಿಲುವು, ಉಸಿರು ಎಳೆದುಕೊಂಡ ಹೊಟ್ಟೆ ಇವಿಷ್ಟರಿಂದ ಒಂದೇ ಮಧ್ಯಾಹ್ನದಲ್ಲಿ ಅಂಥ ಎರಡು ಫೋಟೊ ತೆಗೆಯಬಹುದು. ಆರು ತಿಂಗಳಿಗೂ ಮೀರಿ ಜೊತೆಗಿರುವ ಇಬ್ಬರು ಹಳೆಯ ಶಿಷ್ಯರ ಜೊತೆ ಮಾತಾಡಿಸಿ ಎಂದು ಕೇಳಿದರೆ ಹೆಚ್ಚು ವಿಷಯ ಹೊರಬರುತ್ತದೆ.

ಎಡವಟ್ಟು ಹೆಚ್ಚಾಗಿ ಆಗುವುದು ಊಟದ ವಿಷಯದಲ್ಲಿ. ಎಲ್ಲಿಂದಲೋ ನಕಲಾದ ಡಯಟ್ ಚಾರ್ಟಿನಲ್ಲಿ ಬ್ರೊಕೊಲಿ, ಓಟ್ಸ್, ಬಾದಾಮಿ ಹಾಲು, ಎರಡು ಸ್ಕೂಪ್ ವ್ಹೇ ಪುಡಿ ಇರುತ್ತದೆ. ಮಂಡ್ಯದ ಮನೆಯಲ್ಲಿ ಮುದ್ದೆ–ಸೊಪ್ಪಿನ ಸಾರು ಬೇಯುತ್ತಿದ್ದರೆ ಬಾಗಲಕೋಟೆಯಲ್ಲಿ ರೊಟ್ಟಿ, ಮಡಕೆಕಾಳಿನ ಪಲ್ಯ ತಯಾರಾಗಿರುತ್ತದೆ. ಆ ಚಾರ್ಟು ಎರಡು ವಾರ ಬಾಳಿದರೆ ಹೆಚ್ಚು. ಐಸಿಎಂಆರ್‌ನ ಹೈದರಾಬಾದ್‌ನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ, ದೇಹತೂಕದ ಪ್ರತಿ ಕೆಜಿಗೆ 0.83 ಗ್ರಾಂ ಪ್ರೋಟೀನ್ ಶಿಫಾರಸು. 60 ಕೆಜಿ ತೂಗುವವರಿಗೆ ಅದು ಸುಮಾರು 50 ಗ್ರಾಂ. ನೂರು ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ, ತೊಗರಿಬೇಳೆಯಲ್ಲೂ ಹೆಚ್ಚುಕಡಿಮೆ ಅಷ್ಟೇ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಗಟ್ಟಿ ವ್ಯಾಯಾಮ ಮಾಡುವವರಿಗೆ ಸ್ವಲ್ಪ ಹೆಚ್ಚು ಬೇಕೆಂದರೂ ಕಾಳು, ಮೊಸರು, ಮೊಟ್ಟೆ ಹೆಚ್ಚಿಸಿ ಸರಿದೂಗಿಸುವುದು ಕಷ್ಟವಲ್ಲ. ಅದೇ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಮೈಕಟ್ಟಿಗಾಗಿ ಪ್ರೋಟೀನ್ ಪುಡಿ ಬಳಸದಿರಲು ಸಲಹೆ ಮಾಡಿದೆ. ಕೋಚೇ ಪುಡಿಯ ಡಬ್ಬಿಯನ್ನೂ ಮಾರುತ್ತಿದ್ದರೆ ಸಲಹೆ ಎಲ್ಲಿ ಮುಗಿದು ವ್ಯಾಪಾರ ಎಲ್ಲಿ ಶುರುವಾಯಿತೆಂದು ಗ್ರಾಹಕ ತಾನೇ ಲೆಕ್ಕ ಹಾಕಬೇಕಾಗುತ್ತದೆ. ಇಂಜೆಕ್ಷನ್, ಸ್ಟೀರಾಯ್ಡ್, ‘ಫ್ಯಾಟ್ ಬರ್ನರ್’ ಎಂಬ ಮಾತು ಬಾಯಿಂದ ಬಂದರಂತೂ ಅಂಥವರ ಸಹವಾಸವನ್ನು ಆ ಕ್ಷಣವೇ ಬಿಡಬೇಕು.

ಕೈಗಡಿಯಾರ ತೋರಿಸುವ ಕ್ಯಾಲೊರಿಯನ್ನೂ ಪೂರ್ತಿ ನಂಬುವಂತಿಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಏಳು ಬಗೆಯ ಧರಿಸುವ ಸಾಧನಗಳನ್ನು ಪರೀಕ್ಷಿಸಿತು. ಆರು ಸಾಧನಗಳು ಹೃದಯ ಬಡಿತವನ್ನು ಶೇ 5ರೊಳಗಿನ ವ್ಯತ್ಯಾಸದಲ್ಲಿ ಅಳೆದವು. ಕ್ಯಾಲೊರಿ ಖರ್ಚಿನಲ್ಲಿ ಮಾತ್ರ ಅತ್ಯುತ್ತಮವಾದದ್ದೇ ಸರಾಸರಿ ಶೇ 27ರಷ್ಟು ತಪ್ಪು ತೋರಿಸಿತು. ‘ಇವತ್ತು 600 ಕ್ಯಾಲೊರಿ ಸುಟ್ಟೆ, ಎರಡು ಹೋಳಿಗೆ ತಿಂದರೂ ನಡೆದೀತು’ ಎಂಬ ಲೆಕ್ಕ ಕೆಡುವುದು ಇಲ್ಲೇ.

ಹಣದ ಮಾತಿಗೆ ಬಂದರೆ, ವರ್ಷದ ಪ್ಯಾಕೇಜಿಗೆ ಅರ್ಧ ಬೆಲೆ ಎಂಬ ಆಮಿಷಕ್ಕೆ ಮೊದಲ ದಿನವೇ ಬೀಳಬಾರದು. ಒಂದು ತಿಂಗಳಿಗೆ ಮಾತ್ರ ಕಟ್ಟಿ, ನಾಲ್ಕನೆಯ ವಾರದ ಕೊನೆಗೆ ನೋಡಬೇಕಾದದ್ದು ತೂಕದ ಯಂತ್ರವನ್ನಷ್ಟೇ ಅಲ್ಲ. ನಿಗದಿಯಾದ ದಿನಗಳಲ್ಲಿ ಎಷ್ಟು ದಿನ ನಿಜಕ್ಕೂ ಚಾಪೆ ಹಾಸಿದ್ದಾಯಿತು? ಕಳಿಸಿದ ವಿಡಿಯೊಗೆ ಕೋಚ್ ಉತ್ತರಿಸಿದರೇ, ಅಥವಾ ಹೆಬ್ಬೆರಳಿನ ಚಿತ್ರವಷ್ಟೇ ಬಂತೇ? ಮೊದಲ ವಾರದ ಪಟ್ಟಿಗೂ ನಾಲ್ಕನೆಯ ವಾರದ ಪಟ್ಟಿಗೂ ವ್ಯತ್ಯಾಸವಿದೆಯೇ? ಮಂಡಿ ನೋಯುತ್ತಿದೆ ಎಂದಾಗ ವ್ಯಾಯಾಮ ಬದಲಿಸಿದರೇ, ‘ನೋ ಪೇನ್ ನೋ ಗೇನ್’ ಎಂದು ಹುರಿದುಂಬಿಸಿದರೇ? ಸ್ನಾಯುಗಳ ಬಿಗಿತ ಎರಡು ಮೂರು ದಿನದಲ್ಲಿ ಇಳಿಯುವುದು ಸಹಜ. ಕೀಲಿನೊಳಗಿನ ಚುಚ್ಚುನೋವು ಹಾಗಲ್ಲ. ವಿಪರೀತ ವ್ಯಾಯಾಮದ ನಂತರ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಸ್ನಾಯುಗಳು ಒಡೆದು ಕಿಡ್ನಿಗೆ ಹೊರೆಯಾಗುತ್ತಿರುವ ಸೂಚನೆ ಇರಬಹುದು, ಆಗ ಕೋಚ್‌ಗೆ ಮೆಸೇಜ್ ಹಾಕುತ್ತ ಕೂರದೆ ಆಸ್ಪತ್ರೆಗೆ ಓಡಬೇಕು. ಕಟ್ಟಿದ ಹಣಕ್ಕೆ ಹೇಳಿದ ಸೇವೆ ಸಿಗದೆ ಹೋದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದಕ್ಕೆ ರಸೀದಿ, ಚಾಟ್, ಪ್ಯಾಕೇಜಿನ ವಿವರ ಅಳಿಸದೆ ಇಟ್ಟುಕೊಂಡಿರಬೇಕು.

ಇತ್ತೀಚೆಗೆ ಇನ್ನೊಂದು ರೂಢಿ ಬೆಳೆಯುತ್ತಿದೆ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ಊರಲ್ಲಿರುವ ಅಪ್ಪ–ಅಮ್ಮನಿಗೆ ಆನ್‌ಲೈನ್ ತರಗತಿಯ ಚಂದಾ ಉಡುಗೊರೆಯಾಗಿ ಕೊಡುತ್ತಾರೆ. ಪ್ರೀತಿಯ ಕೆಲಸವೇ ಸರಿ. ವಯಸ್ಸಾದಂತೆ ಸ್ನಾಯು ಕರಗಿ, ಸಮತೋಲ ತಪ್ಪಿ, ಬಚ್ಚಲಲ್ಲಿ ಜಾರಿ ಬೀಳುವ ಭಯ ಹೆಚ್ಚುವುದರಿಂದ ಅವರಿಗೆ ವ್ಯಾಯಾಮ ಯುವಕರಿಗಿಂತಲೂ ಅಗತ್ಯ. ಆದರೆ ಹಿರಿಯರ ಸಮತೋಲ ಮತ್ತು ಬಲದ ತರಬೇತಿ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ನೋಡಿದಾಗ, ಒಬ್ಬರೇ ಮಾಡಿದವರಿಗೂ ಉಪಯೋಗವಾಯಿತಾದರೂ ತರಬೇತುದಾರರು ಎದುರಿಗೆ ನಿಂತು ಮಾಡಿಸಿದಾಗಲೇ ಫಲ ಹೆಚ್ಚು ಕಂಡಿತು. ಹಾಗಾಗಿ ಚಂದಾ ಕಟ್ಟುವ ಮಕ್ಕಳು ಮೊದಲ ಕೆಲವು ವಾರ ಊರಿನ ಫಿಸಿಯೊಥೆರಪಿಸ್ಟ್ ಒಬ್ಬರು ಮನೆಗೇ ಬಂದು ಕಲಿಸುವಂತೆ ಏರ್ಪಾಡು ಮಾಡುವುದು ಒಳಿತು. ಫೋನಿಗಿಂತ ದೊಡ್ಡ ಪರದೆ ಬೇಕು, ಇಲ್ಲದಿದ್ದರೆ ಕನ್ನಡಕ ಸರಿಪಡಿಸಿಕೊಳ್ಳುತ್ತ ಕತ್ತು ಚಾಚುವುದರಲ್ಲೇ ತರಗತಿ ಮುಗಿಯುತ್ತದೆ. ನೆಲದ ಮೇಲಿನ ಜಮಖಾನೆ ಸುತ್ತಿ ಬದಿಗಿಡಬೇಕು. ಹಿಡಿಯಲು ಕೈಯಳತೆಯಲ್ಲಿ, ಗಾಲಿಯಿಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒರಗಿಸಿ ಇಡಬೇಕು. ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸದ ಹೊತ್ತಿಗಾದರೂ ಮನೆಯಲ್ಲಿ ಇನ್ನೊಬ್ಬರು ಇದ್ದೇ ಇರಬೇಕು. ಅಪ್ಪ ಮಾಡುವಾಗ ಅಮ್ಮ, ಅಮ್ಮ ಮಾಡುವಾಗ ಅಪ್ಪ ಪಕ್ಕದಲ್ಲಿ ನಿಂತರೂ ಆದೀತು.